ಭಾವನವರ ಬ್ರಿಟಿಷ್ ಕಾಡು

ಬ್ರಿಟಿಷರನ್ನು ಭಾರತದಿಂದ ಓಡಿಸಿದ ಕೀರ್ತಿ ಯಾರಿಗೆ ಸಲ್ಲಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಅವರು ಅವರದೇ ಕಾಡಿನಲ್ಲಿ ದಿಕ್ಕೆಟ್ಟು ಓಡುವುದನ್ನು ಕ್ಯಾಲಿಫೋರ್ನಿಯಾದ ವೆಸ್ಟ್ ಕೊವಿನಾದಲ್ಲಿ ತಮ್ಮ ಮನೆಯ ಸೋಫಾದ ಮೇಲೆ ಕೂತು, ಫಿಲ್ಟರ್ ಕಾಫಿ ಹೀರುತ್ತ, ಪರಮ ತೃಪ್ತಿಯಿಂದ ನೋಡುವವರು ನಮ್ಮ ಭಾವ ಒಬ್ಬರೇ ಎಂದು ಪ್ರಮಾಣ ಮಾಡಿ ಹೇಳಬಲ್ಲೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಜನರ ಫೋನಿಗೆ ಸಿಗ್ನಲ್ ತಲುಪಿಸುವುದರಲ್ಲೇ ಜೀವ ತೇಯ್ದ ಟೆಲಿಕಾಂ ಇಂಜಿನಿಯರು. ಕೊರೊನಾ ವರ್ಷದಲ್ಲಿ ನಿವೃತ್ತರಾಗಿ ಮನೆಯಲ್ಲಿ ಕೂತಾಗ, ಸಿಗ್ನಲ್ಲೇ ಸಿಗದ ಕಥೆಗಳಲ್ಲಿ ಅವರಿಗೆ ಮನಶ್ಶಾಂತಿ ದೊರೆಯಿತು. ಬ್ರಿಟನ್ನಿನವರು ಪುಡಿಗಾಸಿನಲ್ಲಿ ತೆಗೆಯುವ ಭಯದ ಸಿನಿಮಾಗಳವು. ನಾಲ್ಕೈದು ಜನ ಸ್ನೇಹಿತರು, ಒಂದು ನಿರ್ಜನ ಕಾಡು, ಒಂದು ಟಾರ್ಚು, ಬೇಕಾದಷ್ಟು ಮಂಜು. ಕಾಡಿನಲ್ಲಿ ಏನೋ ಇದೆ. ಏನದು? ಕೊನೆಯವರೆಗೂ ತೋರಿಸುವುದಿಲ್ಲ!

“ತೋರ್ಸೋಕೆ ದುಡ್ಡಿದ್ರೆ ಸಾಕು ಕಣಯ್ಯಾ. ತೋರಿಸ್ದೇ ಇರೋದಕ್ಕೆ ಪ್ರತಿಭೆ ಬೇಕು” ಎಂದು ಭಾವ ನನಗೆ ಉಪದೇಶಿಸಿದ್ದಾರೆ.

ಈ ತಪಸ್ಸಿಗಿದ್ದ ವಿಘ್ನವೆಂದರೆ ನನ್ನ ಅಕ್ಕ. ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಡಾಕ್ಟರಾಗಿದ್ದವಳು; ನಿಜವಾದ ರಕ್ತ, ನಿಜವಾದ ಕಿರುಚಾಟ ಕಂಡವಳು. ಪರದೆಯ ಮೇಲೆ ಕತ್ತಿ ಏಟು ತಿಂದವನು ಮರದಿಂದ ಮರಕ್ಕೆ ಓಡುತ್ತಿದ್ದರೆ, ಇವಳು ಹುರುಳಿಕಾಯಿ ನಾರು ತೆಗೆಯುತ್ತ, “ಇಷ್ಟು ರಕ್ತ ಹೋದ್ಮೇಲೆ ಯಾರೂ ಹಾಗೆ ಓಡಲ್ಲ ಕಣ್ರೀ, ಕೂತ್ಕೊಳಕ್ಕೆ ಹೇಳಿ ಅವನಿಗೆ” ಎನ್ನುತ್ತಿದ್ದಳು. ಮೇಲಿಂದ ನಗು ಬೇರೆ! ಕಲಾರಸಿಕನೊಬ್ಬ ಎಷ್ಟೆಂದು ಸಹಿಸಿಯಾನು?

ಒಂದು ದಿನ ಭಾವ ನನಗೆ ಫೋನ್ ಮಾಡಿ ಘೋಷಿಸಿದರು: “ನಿಮ್ಮಕ್ಕ ಒಂದ್ಸಲಾನಾದ್ರೂ ಹೆದರಬೇಕು. ಬ್ರಿಟಿಷರ ಕೈಲಿ ಆಗ್ಲಿಲ್ಲ. ನಾನೇ ಸಿನಿಮಾ ತೆಗೀತೀನಿ!”

ನಾನಿರುವ ಸ್ಯಾನ್ ಡಿಯೇಗೋದಲ್ಲಿ ಕನ್ನಡದವರ ದೀಪಾವಳಿ ಕೂಟ ನಡೆಯುತ್ತದೆ. ಕೇಳಿದ ಕುಟುಂಬಕ್ಕೆಲ್ಲ ಕಾಲು ಗಂಟೆ ವೇದಿಕೆ ಕೊಡುವುದು ನಮ್ಮ ಪದ್ಧತಿ. ಎಲ್ಲರೂ ಕೋಲಾಟ, ಭಾವಗೀತೆ ಎಂದು ಬರೆಸಿದರೆ ನಾನು ನಮ್ಮ ಮನೆಯ ಹೆಸರಿನ ಮುಂದೆ “ಕಾಡಿನಲ್ಲಿ ಮರಣ” ಎಂದು ಬರೆಸಿದೆ. ಕಾರ್ಯದರ್ಶಿಗಳು ಯಾವುದೋ ಪೌರಾಣಿಕ ಪ್ರಸಂಗವಿರಬೇಕೆಂದು ಒಪ್ಪಿದರು.

ನಮ್ಮೂರಿನ ಪೂರ್ವದ ಬೆಟ್ಟಗಳಲ್ಲಿ ಚಿತ್ರೀಕರಣ. ಕಾಡಿನ ರಾಕ್ಷಸ ನಾನು. ವೇಷ ಒಂದು ಕರಿ ಕಂಬಳಿ. ಬಲಿಪಶುಗಳು ನಮ್ಮೂರ ಸೊರೆಂಟೊ ವ್ಯಾಲಿಯ ಕಂಪನಿಗಳ ಸಾಫ್ಟ್‌ವೇರ್ ಹುಡುಗರು. ಅವರಲ್ಲೊಬ್ಬನಿಗೆ ಆಫೀಸಿನ ಕಾಲ್ ಇದ್ದುದರಿಂದ ಅವನನ್ನು ಮೊದಲೇ ಕೊಂದು ಕಳಿಸಿಕೊಟ್ಟೆವು.

“ಭಾವ, ಬಿಸಿಲು ಚುರ್ ಅಂತಿದೆ. ಇದು ಸ್ಕಾಟ್ಲೆಂಡ್ ಆಗೋದು ಹೇಗೆ?” ಎಂದೆ.

“ಅದಕ್ಕೆಲ್ಲ ವ್ಯವಸ್ಥೆ ಆಗಿದೆ” ಎಂದು ಭಾವ ಚೀಲ ಬಿಚ್ಚಿದರು. ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದ ಇದ್ದಿಲು, ಸಾಂಬ್ರಾಣಿ! ಬಾಣಂತಿಗೆ ಹಾಕುವ ಹೊಗೆ ಸ್ಕಾಟ್ಲೆಂಡಿನ ಮಂಜಾಗಬಾರದೇಕೆ? ಆಯಿತು ಕೂಡ. ಕಾಡೆಲ್ಲ ಘಮಘಮ ಬೆಳ್ಳಗಾಯಿತು.

ಒಣಗಿ ನಿಂತ ಕ್ಯಾಲಿಫೋರ್ನಿಯಾದ ಕಾಡಿನಲ್ಲಿ ಹೊಗೆಯೆದ್ದರೆ ಏನಾಗುತ್ತದೆಂದು ಯೋಚಿಸುವಷ್ಟು ವ್ಯವಧಾನ ಕಲಾವಿದರಿಗೆ ಎಲ್ಲಿಂದ ಬರಬೇಕು? ಅರಣ್ಯದ ರೇಂಜರ್ ಧಡಧಡನೆ ಬಂದಿಳಿದ. “ಏನು ಉರಿಯುತ್ತಿದೆ ಇಲ್ಲಿ?”

“ಬೆಂಕಿಯಲ್ಲ ಸ್ವಾಮಿ, ಮಂಜು” ಎಂದು ಭಾವ ಇಂಗ್ಲಿಷಿನಲ್ಲಿ ಬಿನ್ನವಿಸಿಕೊಂಡರು.

ರೇಂಜರ್ ಒಂದು ಕ್ಯಾನ್ ನೀರನ್ನು ಇದ್ದಿಲಿನ ಮೇಲೆ ಸುರಿದು, ಕಿಡಿಯೊಂದು ಹಾರಿದ್ದರೆ ಇಡೀ ಬೆಟ್ಟವೇ ಹೋಗುತ್ತಿತ್ತೆಂದು ನಮಗೆಲ್ಲ ಬೆವರಿಳಿಯುವಂತೆ ಬೈದ. ನಾವು ತಲೆ ತಗ್ಗಿಸಿ ನಿಂತೆವು. ಅವನು ಸುರಿದ ನೀರಿಗೆ ಭುಸ್ಸೆಂದು ಎದ್ದ ಬಿಳಿ ಆವಿಯನ್ನು ಭಾವ, ತಲೆ ತಗ್ಗಿಸಿಕೊಂಡೇ, ಫೋನಿನಲ್ಲಿ ಸೆರೆಹಿಡಿದರು. ಇಡೀ ಚಿತ್ರದಲ್ಲಿ ಅದಕ್ಕಿಂತ ಒಳ್ಳೆಯ ದೃಶ್ಯವಿಲ್ಲ!

ಕೂಟದ ದಿನ ಮಧ್ಯಾಹ್ನ ಸಭಾಂಗಣದ ದೀಪ ಆರಿಸಿದರು. ಭಾವ ಹಿಂದೆ ಪ್ರೊಜೆಕ್ಟರಿನ ಪಕ್ಕ ನಿಂತರು. ಅವರ ಕಣ್ಣು ಪರದೆಯ ಮೇಲಿರಲಿಲ್ಲ, ಮುಂದಿನ ಸಾಲಿನಲ್ಲಿದ್ದ ಅಕ್ಕನ ತಲೆಯ ಮೇಲಿತ್ತು. ಮೊದಮೊದಲು ಜನ ಚಕ್ಕುಲಿ ಕಡಿಯುತ್ತ ನಕ್ಕರು. ಆವಿಯೊಳಗಿಂದ ಕಂಬಳಿ ಎದ್ದು ಬಂತು ನೋಡಿ, ಹಾಲಿಗೆ ಹಾಲೇ ಕಿಟಾರನೆ ಕಿರುಚಿತು! ಖಜಾಂಚಿ ಆಂಟಿಯ ತಟ್ಟೆ ಕೆಳಗೆ ಬಿತ್ತು. ಕಾರ್ಯದರ್ಶಿಗಳು ಪೌರಾಣಿಕವೆಂಬ ಭ್ರಮೆ ಬಿಟ್ಟು ಕುರ್ಚಿಯ ಮೇಲೆ ಕಾಲೆತ್ತಿ ಕೂತರು. ದಿಗ್ವಿಜಯವೆಂದರೆ ಇದೇ!

ಅಕ್ಕ ಮಾತ್ರ ಹೊಟ್ಟೆ ಹಿಡಿದು ನಗುತ್ತಿದ್ದಳು. “ಅಯ್ಯೋ, ಅದು ನನ್ನ ತಮ್ಮ ಕಣ್ರೀ! ಸಾಕ್ಸ್ ನೋಡಿ ಅವನ್ದು!”

ಭಾವನವರ ಮುಖ ಬಾಡಿತು.

ಉಳಿದದ್ದು ಕೊನೆಯ ದೃಶ್ಯ. ನಾವೆಲ್ಲ ಕಾರಿನ ಬಳಿ ಚಿತ್ರಾನ್ನ ತಿನ್ನಲು ಹೋಗಿದ್ದಾಗ ಭಾವ ಫೋನನ್ನು ಕಲ್ಲಿಗೆ ಒರಗಿಸಿ ಒಬ್ಬರೇ ತೆಗೆದದ್ದು, ನಾನೂ ನೋಡಿರಲಿಲ್ಲ. ಎಲ್ಲರೂ ಸತ್ತು ಉಳಿದ ಮುದುಕನ ಪಾತ್ರ ಅವರದು. ಮರಗಳ ನಡುವೆ ಅತ್ತಿತ್ತ ನೋಡುತ್ತಾರೆ. ದಾರಿ ತಿಳಿಯುವುದಿಲ್ಲ. ಸತ್ತ ಗೆಳೆಯರನ್ನು ಕೂಗಬೇಕಿತ್ತು. ಆದರೆ ಬಾಯಿಗೆ ಬಂದದ್ದು ಮನೆಯಲ್ಲಿ ದಿನವಿಡೀ ಕೂಗುವ ಕೂಗು.

“ಇವಳೇ… ಎಲ್ಲಿದ್ದೀಯೇ?”

ಉತ್ತರವಿಲ್ಲ. ಇನ್ನೊಮ್ಮೆ ಕೂಗಿ, ಬೆನ್ನು ತಿರುಗಿಸಿ, ತಪ್ಪು ದಿಕ್ಕಿನಲ್ಲಿ ನಡೆದು ಹೋದರು. ಪರದೆಯ ಮೇಲೆ ಬರೀ ಮರಗಳು ಉಳಿದವು.

“ಇಲ್ಲಿದೀನಿ ಕಣ್ರೀ!”

ಅಕ್ಕ ಎದ್ದು ನಿಂತಿದ್ದಳು. “ಆ ಕಡೆ ಹೋಗ್ಬೇಡಿ! ಇಲ್ಲಿದೀನಿ, ಇಲ್ಲೇ ಇದೀನಿ!”

ಹಾಲಿನಲ್ಲಿ ಒಬ್ಬರೂ ನಗಲಿಲ್ಲ. ಭಾವ ಪ್ರೊಜೆಕ್ಟರ್ ಬಿಟ್ಟು, ಕುರ್ಚಿಗಳಿಗೆ ಎಡವುತ್ತ, ಕತ್ತಲಲ್ಲೇ ಓಡಿದರು. “ಬಂದೆ ಕಣೇ, ಬಂದೆ. ಸಿನಿಮಾ ಅದು. ನೋಡು, ಇಲ್ಲೇ ಇದೀನಲ್ಲ.” ಗೆದ್ದವರ ಧ್ವನಿಯಾಗಿರಲಿಲ್ಲ ಅದು.

ಅಕ್ಕ ಅವರ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದಳು. ದೀಪ ಹತ್ತಿದರೂ ಬಿಡಲಿಲ್ಲ, ಚಪ್ಪಾಳೆ ಬಿದ್ದರೂ ಬಿಡಲಿಲ್ಲ. ಊಟಕ್ಕೆ ಕೂತಾಗಲೂ ಬಿಡಲಿಲ್ಲ. ಬಿಡು ಎಂದು ಭಾವನೂ ಹೇಳಲಿಲ್ಲ. ಅಷ್ಟು ಮಡಿವಂತ ಮನುಷ್ಯ ಎಡಗೈಯಲ್ಲಿ ಬಿಸಿಬೇಳೆಬಾತ್ ತಿಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.