ಕೆ-ರಾಸ್ ಜೀನಿನವರ ಪ್ರಾಮಾಣಿಕತೆಯ ಮೇಲೊಂದು ದೂರು

ಅಕ್ಕೂರು, ಚನ್ನಪಟ್ಟಣ ತಾಲ್ಲೂಕು
ಆಷಾಢ, 2009

ಜೀವಕೋಶಗಳಿಗೆ ಬೆಳೆ, ನಿಲ್ಲು ಎಂದು ಅಪ್ಪಣೆ ಕೊಡುವ ಘನತೆವೆತ್ತ ಕೆ-ರಾಸ್ ಜೀನಿನವರ ಸನ್ನಿಧಾನಕ್ಕೆ,

ಮಾನ್ಯರೇ, ರೇಷ್ಮೆ ಬೆಳೆಗಾರ ಬೋರಲಿಂಗಯ್ಯನ ಸಾಷ್ಟಾಂಗ ನಮಸ್ಕಾರಗಳು. ಹೊಟ್ಟೆಯ ಮೇಲೆ ಹೊಲಿಗೆಯಿರುವುದರಿಂದ ಸಾಷ್ಟಾಂಗವನ್ನು ಕುರ್ಚಿಯಲ್ಲಿ ಕುಳಿತೇ ಮಾಡಿದ್ದೇನೆ, ಕ್ಷಮಿಸಬೇಕು. ಐವತ್ತಾರು ವರ್ಷ ತಾವು ನನ್ನೊಳಗೇ ಇದ್ದರೂ ಒಂದು ದಿನವೂ ಯೋಗಕ್ಷೇಮ ವಿಚಾರಿಸದೆ ಹೋದದ್ದು ನನ್ನದೇ ತಪ್ಪು.

ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯನ್ನು ಕತ್ತರಿಸಿ ತೆಗೆದ ಮೇಲೂ ಅದು ಲಿವರಿಗೆ ಹಬ್ಬಿದೆಯೆಂದು ತಿಳಿದಾಗ, ಬೆಂಗಳೂರಿನ ಡಾಕ್ಟರು ಹೊಸದೊಂದು ಇಂಜೆಕ್ಷನ್ ಬಂದಿದೆ ಎಂದರು. ಆದರೆ ಗಡ್ಡೆಯ ಚೂರಿನಲ್ಲಿ ತಾವು ಮೊದಲಿನ ಹಾಗೇ ಇದ್ದರೆ ಮಾತ್ರ ಅದು ನಾಟೀತು, ಬದಲಾಗಿದ್ದರೆ ನೀರು ಚುಚ್ಚಿದ ಹಾಗೆ, ಆದ್ದರಿಂದ ಮೊದಲು ತಮ್ಮ ಪರೀಕ್ಷೆಯಾಗಲಿ ಎಂದರು. ನನ್ನ ಪ್ರಾಣ ತಮ್ಮ ಗುಣನಡತೆಯ ಸರ್ಟಿಫಿಕೇಟಿಗೆ ಜೋತುಬಿದ್ದದ್ದು ಹೀಗೆ.

ಆಗ ನಾನು ತೋರಿದ ಬುದ್ಧಿವಂತಿಕೆಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಡಾಕ್ಟರಿಗೆ ಕೈಮುಗಿದು, "ಒಸಿ ಚೆಂದಾಗಿರೋ ಕಡೆಯಿಂದ ಚೂರು ಕಳ್ಸಿ ಸ್ವಾಮಿ" ಎಂದು ಬೇಡಿಕೊಂಡೆ. ಮೂವತ್ತು ವರ್ಷ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗಟ್ಟಿ ಗೂಡನ್ನು ಮೇಲೆ ಹರಡಿ, ಜಾಳು ಗೂಡನ್ನು ಅಡಿಗೆ ತಳ್ಳಿದವನಿಗೆ ಬೇರೇನು ತೋಚೀತು? ನೂಲು ತೆಗೆಯುವ ಗಫಾರ್ ಸಾಹೇಬರು ಮೊಣಕೈವರೆಗೆ ರಾಶಿಯೊಳಗೆ ಕೈ ತೂರಿಸಿ ಅಡಿಯದ್ದನ್ನೇ ಎತ್ತಿ, "ಏನ್ ಬೋರಣ್ಣ, ಇದೂ ನಿಂದೇ ಗೂಡಾ?" ಎಂದು ನಗುತ್ತಿದ್ದರು. ಡಾಕ್ಟರೂ ನಕ್ಕು, "ನಮಗೆ ಕೆಟ್ಟದ್ದೇ ಬೇಕು ಬೋರಲಿಂಗಯ್ಯನವರೇ, ಒಳ್ಳೆಯದನ್ನು ನೀವೇ ಇಟ್ಕೊಳ್ಳಿ" ಎಂದರು. ಪಕ್ಕದಲ್ಲಿದ್ದ ನನ್ನ ಹೆಂಡತಿ ಕೆಂಚಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುವಿಗೋ ಮಾನ ಹೋದದ್ದಕ್ಕೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಹದಿನೈದು ದಿನಕ್ಕೆ ವರದಿ ಬಂತು. ತಾವು ಬದಲಾಗಿದ್ದೀರಿ, ಆ ಇಂಜೆಕ್ಷನ್ ನನಗಲ್ಲ. ತಮ್ಮ ಪ್ರಾಮಾಣಿಕತೆಯನ್ನು ಎಷ್ಟು ಹೊಗಳಿದರೂ ಸಾಲದು: ಆಸ್ಪತ್ರೆಯಲ್ಲಿ ಪರಿಚಯವಿದ್ದ ನನ್ನ ಷಡ್ಡಕನ ಶಿಫಾರಸಿಗಾಗಲಿ, ಕೆಂಚಮ್ಮನ ಹರಕೆಗಾಗಲಿ ಬಗ್ಗದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಿರಿ, ನಾಟದ ಮದ್ದಿನ ಅಡ್ಡ ಪರಿಣಾಮಕ್ಕೆ ಮೈಯೆಲ್ಲ ಗುಳ್ಳೆ ಎಬ್ಬಿಸಿಕೊಂಡು ಕೂರುವುದನ್ನೂ ತಪ್ಪಿಸಿದಿರಿ. ಕೃತಜ್ಞನಾಗಿರಬೇಕು, ಆದರೆ ಹಾಳಾದ್ದು, ಆಗುತ್ತಿಲ್ಲ. "ಆ ಸೂಜಿ ಇಲ್ದಿದ್ರೆ ಹಳೇ ಮದ್ದೈತೆ, ಎದ್ದು ಒಂದ್ ತುತ್ತು ಉಣ್ಣಿ" ಎಂದು ಕೆಂಚಮ್ಮ ತಟ್ಟೆ ಮುಂದಿಟ್ಟರೆ, ಅದನ್ನು ಅತ್ತ ಸರಿಸಿ ಈ ಕಾಗದ ಬರೆಯಲು ಕೂತಿದ್ದೇನೆ. ನನಗೆ ಭಯವಾಗುತ್ತಿದೆ ಮಾನ್ಯರೇ.

ಆದ್ದರಿಂದ ಸಣ್ಣದೊಂದು ಕೋರಿಕೆ: ತಾವು ದೊಡ್ಡ ಮನಸ್ಸು ಮಾಡಿ ಮೊದಲಿನ ಹಾಗೇ ಆಗಿಬಿಡಬೇಕು, ಅದು ತಮ್ಮ ಅಂತಸ್ತಿಗೆ ಕುಂದೆನಿಸಿದರೆ, ಬುಧವಾರದ ಕಿಮೋ ಹೊತ್ತಿಗೆ ಹಳೇ ಮದ್ದಿಗಾದರೂ ಹೆದರಿದ ಹಾಗೆ ನಟಿಸಬೇಕು.

ಹೊಟ್ಟೆಯಲ್ಲಿಟ್ಟು ಸಾಕಿದ, ತಮ್ಮ ವಿಶ್ವಾಸಿ,
ಬೋರಲಿಂಗಯ್ಯ

ಮರೆತಿದ್ದ ಮಾತು: ಇದು ಮಗಳು ಭಾನುಪ್ರಿಯಳಿಗೂ ದಾಟೀತೇ ಎಂದು ಕೇಳಿದ್ದೆ. ತಮ್ಮ ಈ ಬದಲಾವಣೆ ಗಡ್ಡೆಯಲ್ಲೇ ಹುಟ್ಟಿದ್ದು, ಮಕ್ಕಳಿಗೆ ಹೋಗುವಂಥದ್ದಲ್ಲ ಎಂದರು ಡಾಕ್ಟರು. ಅಂದ ಮೇಲೆ ಈ ಭೂಮಿಯಲ್ಲಿ ತಮಗಿರುವುದು ನಾನೊಬ್ಬನೇ. ನಾನು ಹೊರಟ ದಿನ ತಾವೂ ಹೊರಡಬೇಕಾಗುತ್ತದೆ ಸ್ವಾಮೀ, ಒಸಿ ಯೋಚನೆ ಮಾಡಿ.