ನೀರುಕಾಗೆಗಳ ವಕೀಲ

ಕಳ್ಳರ ಪರವಾಗಿ ವಕಾಲತ್ತು ವಹಿಸಿದ ಕಾವಲುಗಾರನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನು ನನ್ನ ಸೋದರಮಾವ!

ಎಪ್ಪತ್ತರ ದಶಕದ ಮಾತು. ರಾಯಕೋಟೆ ಹತ್ತಿರದ ನಮ್ಮೂರ ಕೆರೆಯಲ್ಲಿ ಮೀನು ಬಿಟ್ಟಿದ್ದ ಗುತ್ತಿಗೆದಾರ, ನೀರುಕಾಗೆ ಓಡಿಸಲು ಮಾವನ ಕೈಗೆ ತಗಡಿನ ಡಬ್ಬ, ಕೋಲು ಕೊಟ್ಟು ಏರಿ ಮೇಲೆ ಕೂರಿಸಿದ. ಬಡಿದು ಸದ್ದು ಮಾಡಬೇಕು, ಅಷ್ಟೇ ಕೆಲಸ. ಮಾವ ಡಬ್ಬವನ್ನು ಬೋರಲು ಹಾಕಿ, ಅದರ ಮೇಲೆ ಕೂತು ಹಕ್ಕಿ ನೋಡತೊಡಗಿದ.

ನೋಡಿದ್ದನ್ನು ಊಟದ ಹೊತ್ತಿಗೆ ನಮಗೆ ಬಡಿಸುತ್ತಿದ್ದ. ನೀರುಕಾಗೆಯಲ್ಲಿ ಎರಡು ಜಾತಿಯಂತೆ. ಕುಳ್ಳನಿಗೆ ಮೊಂಡು ಕೊಕ್ಕು, ಗಿಡ್ಡ ಕತ್ತು, ಮುಳುಗಿದಲ್ಲೇ ಏಳುತ್ತಾನೆ. ದೊಡ್ಡವನಿಗೆ ನೀಳ ಕೊಕ್ಕು, ಹಸಿರುಗಣ್ಣು. ಇಲ್ಲಿ ಮುಳುಗಿ ಎಲ್ಲೋ ದೂರದಲ್ಲಿ ಏಳುತ್ತಾನೆ.

"ಎರಡೂ ಕರ್ರಗವೆ, ಎರಡೂ ಮೀನು ತಿಂತವೆ. ಇನ್ನೇನ್ ಯತ್ವಾಸ? ಸುಮ್ಕೆ ಉಣ್ಣು," ಎನ್ನುತ್ತಿದ್ದಳು ಅತ್ತೆ.

"ನೀನೂ ನಿಮ್ಮಕ್ಕನೂ ಒಂದೇನಾ?" ಎನ್ನುತ್ತಿದ್ದ ಮಾವ. ಅವತ್ತು ಅವನ ತಟ್ಟೆಗೆ ಎರಡನೇ ಸಲ ಸಾರು ಬೀಳುತ್ತಿರಲಿಲ್ಲ.

ಒಂದು ದಿನ ಗುತ್ತಿಗೆದಾರ ಬಂದು ನೋಡುತ್ತಾನೆ, ಡಬ್ಬದ ಮೇಲೆ ಮಾವ, ನೀರಿನ ತುಂಬ ಹಕ್ಕಿ.

"ಯಾಕಯ್ಯಾ ಓಡಿಸಿಲ್ಲ?"

"ಯಾವ್ದನ್ನ ಓಡಿಸ್ಲಿ ಸಾಮಿ? ಕುಳ್ಳ ತಿನ್ನೋದು ಪುಡಿ ಮೀನು, ನಿಮ್ಮ ಮೀನು ಅವನ ಗಂಟಲಿಗೆ ಇಳಿಯಲ್ಲ. ದೊಡ್ಡೋನು ತಿಂತಾನೆ, ದಿಟ. ಆದ್ರೆ ಗೂಡಲ್ಲಿ ಮರಿ ಅವೆ. ನಿಮ್ಗೂ ಮಕ್ಕಳಿಲ್ವಾ?"

ಗುತ್ತಿಗೆದಾರನಿಗೂ ಮಕ್ಕಳಿದ್ದರು. ಆದರೂ ಸಂಜೆಗೆ ಮಾವನ ಕೆಲಸ ಹೋಯಿತು.

ಅವನ ಜಾಗಕ್ಕೆ ಬಂದವನು ಪಟಾಕಿ ಹಚ್ಚಿದ. ಗೂಡಿದ್ದ ಜಾಲಿಮರಗಳೂ ಉರುಳಿದವು. ಮೊದಲು ದೊಡ್ಡವು ಹೋದವು, ಎಂಬತ್ತರ ದಶಕದಲ್ಲಿ ಕುಳ್ಳರೂ ಹೋದರು. ದೊಡ್ಡವು ಹೋಗುವ ಮೊದಲೇ ಮಾವನ ಎರಡೂ ಕಣ್ಣಿಗೆ ಪೊರೆ ಬಂದಿದ್ದರಿಂದ ಅದು ಅವನಿಗೆ ತಿಳಿಯಲೇ ಇಲ್ಲ. ದಿನಾ ಸಂಜೆ ಅತ್ತೆ ಅವನನ್ನು ಕೈಹಿಡಿದು ಏರಿಗೆ ಕರೆತಂದು, ಖಾಲಿ ನೀರು ನೋಡುತ್ತಾ ಹೇಳುತ್ತಿದ್ದಳು: "ಕುಳ್ಳ ಮುಳುಗ್ದ. ಅಗಾ, ಅಲ್ಲೇ ಎದ್ದ. ದೊಡ್ಡೋನು ಬಂಡೆ ಮ್ಯಾಲೆ ರೆಕ್ಕೆ ಒಣಗಾಕವ್ನೆ." ಸಾರು ಬಡಿಸುತ್ತಾ ಇಷ್ಟೆಲ್ಲ ಯಾವಾಗ ಕಲಿತಿದ್ದಳೋ!

ಕೃಷ್ಣಗಿರಿಯಲ್ಲಿ ಕಣ್ಣಿನ ಆಪರೇಷನ್ ನಿಗದಿಯಾದಾಗ ನಮಗೆಲ್ಲ ಸಂತೋಷ, ಅತ್ತೆಗೆ ಮಾತ್ರ ನಿದ್ದೆಯಿಲ್ಲ. "ಕಣ್ ಬಂದ್ರೆ ನಿಮ್ಮಾವ ಕೆರೆ ನೋಡ್ಬುಡ್ತಾನಲ್ಲಪ್ಪಾ," ಎಂದು ನನ್ನ ಮುಂದೆ ಅತ್ತಳು.

ಕಣ್ಣು ಬಂತು. ಮಾವ ದಪ್ಪ ಕನ್ನಡಕ ಹಾಕಿಕೊಂಡು ಏರಿಗೆ ಹೊರಟ. ಹಿಂದೆ ಅತ್ತೆ, ಅವಳ ಹಿಂದೆ ನಾನು. ಕೆರೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಮಾವ ಅವಳ ಕೈ ಹಿಡಿದುಕೊಂಡ.

"ದೊಡ್ಡೋನು ಮುಳುಗವ್ನೆ ಕಣೇ," ಎಂದ. "ಎಲ್ಲೋ ದೂರದಲ್ಲಿ ಏಳ್ತಾನೆ. ಕುಂತ್ಕೋ, ನೋಡಾನ."