ಎರಡನೆಯ ಬ್ರೇಕು ಮತ್ತು ವಾರ್ಷಿಕ ಚಂದಾ

ಕಾರು ಓಡಿಸುವುದಕ್ಕಿಂತ ಕಾರು ನಿಲ್ಲಿಸುವುದೇ ದೊಡ್ಡ ವಿದ್ಯೆ ಎಂಬುದು ಆ ಚಾಲನಾ ತರಬೇತಿ ಶಾಲೆಯ ಅಧಿಕೃತ ನೀತಿ. ಇದನ್ನು ಜಾರಿಗೆ ತಂದವರು ಶಾಲೆಯ ಸಂಸ್ಥಾಪಕರೂ ಪ್ರಾಂಶುಪಾಲರೂ ಏಕೈಕ ಶಿಕ್ಷಕರೂ ಆದ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಮರೆತರೆ ಕಲಿಸುವವರು ಒತ್ತಲಿ ಎಂದು. ಯಾರಾದರೂ ಮರೆಯುವ ತನಕ ಕಾಯುವ ಜಾಯಮಾನ ಮೇಷ್ಟ್ರದಲ್ಲ. ಜನ ಅವರನ್ನು ‘ಬ್ರೇಕ್ ಮೇಷ್ಟ್ರು’ ಎಂದು ಕರೆಯುತ್ತಿದ್ದರು. ಅವರು ಅದನ್ನು ಬಿರುದೆಂದು ಭಾವಿಸಿ ಬೋರ್ಡಿನ ಮೇಲೆಯೇ ಬರೆಸಿದ್ದರು.

ಶಾಲೆಯ ಹೊಸ ಕಾರಿನ ಜೊತೆ ಒಂದು ವರ್ಷದ ಸಂಪರ್ಕ ಸೇವೆ ಪುಕ್ಕಟೆ ಬಂದಿತ್ತು. ಕಾರು ಎಲ್ಲಿದೆ, ಬಾಗಿಲು ಭದ್ರವಾಗಿದೆಯೇ, ಓಡಿಸಿದವರಿಗೆ ನೂರಕ್ಕೆ ಎಷ್ಟು ಅಂಕ ಎಂಬುದನ್ನೆಲ್ಲ ಕಾರು ತಾನೇ ಮೇಷ್ಟ್ರ ಫೋನಿಗೆ ವರದಿ ಮಾಡುತ್ತಿತ್ತು. ವರ್ಷ ಮುಗಿಯುತ್ತ ಬಂದಾಗ ಕಂಪನಿಯಿಂದ ಸಂದೇಶ ಬಂತು: ಇನ್ನು ಮುಂದೆ ವಾರ್ಷಿಕ ಚಂದಾ ಕಟ್ಟಿದರೆ ಮಾತ್ರ ಕಾರು ತಮ್ಮೊಡನೆ ಮಾತಾಡುವುದು. ಪುಕ್ಕಟೆಯಾಗಿದ್ದಾಗ ಯಾರಿಗೂ ಹೊಳೆಯದ ಪ್ರಶ್ನೆ ಈಗ ಎದ್ದು ಕೂತಿತು. ಇದರಿಂದ ನಮಗೇನು ಪ್ರಯೋಜನ?

ಕೂಡಲೇ ಚಂದಾ ಪರಿಶೀಲನಾ ಸಮಿತಿಯನ್ನು ರಚಿಸಲಾಯಿತು. ಮೇಷ್ಟ್ರು ಅಧ್ಯಕ್ಷರು. ಶಾಲೆಯ ಕಚೇರಿ ನೋಡಿಕೊಳ್ಳುತ್ತಿದ್ದ ಅವರ ಹೆಂಡತಿ ಕಾರ್ಯದರ್ಶಿ. ಹಿಂದಿನ ಶೆಡ್ಡಿನಲ್ಲಿ ಗ್ಯಾರೇಜು ಇಟ್ಟಿದ್ದ ಭಾವಮೈದುನ ತಾಂತ್ರಿಕ ತಜ್ಞ. ಅಧ್ಯಕ್ಷರ ಅಭಿಪ್ರಾಯವನ್ನು ಅಧ್ಯಕ್ಷರೇ ಒಪ್ಪಿದಲ್ಲಿ ಅದನ್ನು ಬಹುಮತವೆಂದು ಪರಿಗಣಿಸತಕ್ಕದ್ದು ಎಂಬ ನಿಯಮ ಮೊದಲ ಸಭೆಯಲ್ಲೇ ಅಂಗೀಕಾರವಾಯಿತು.

ಕಾರ್ಯದರ್ಶಿಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಆ ಶಾಲೆಯ ಅತ್ಯಂತ ಹಿರಿಯ ವಿದ್ಯಾರ್ಥಿನಿಯೂ ಹೌದು. ಅವರ ನಂತರ ಸೇರಿದವರು ಲೈಸೆನ್ಸು ಪಡೆದು, ಮದುವೆಯಾಗಿ, ತಮ್ಮ ಮಕ್ಕಳನ್ನೂ ಅದೇ ಶಾಲೆಗೆ ತಂದು ಸೇರಿಸಿದ್ದರು. ಗುಡ್ಡದಾಚೆ ಇದ್ದ ತಂಗಿಯ ಮನೆಗೆ ಒಮ್ಮೆಯಾದರೂ ತಾನೇ ಕಾರು ಓಡಿಸಿಕೊಂಡು ಹೋಗಬೇಕು ಎಂಬುದೊಂದೇ ಅವರ ಆಸೆ. ಆದರೆ ಮೇಷ್ಟ್ರು ತಯಾರೆಂದು ಒಪ್ಪಿದವರನ್ನು ಮಾತ್ರ ಪರೀಕ್ಷೆಗೆ ಕಳಿಸುವುದು ಶಾಲೆಯ ಪದ್ಧತಿ. ಹೆಂಡತಿಯ ಸರದಿ ಬಂದಾಗಲೆಲ್ಲ, “ಇನ್ನೊಂದು ಸ್ವಲ್ಪ ಕೈ ಪಳಗಲಿ” ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ, ನಿಜ. ಆದರೆ ಈ ಗಿಡಕ್ಕೆ ದಿನಾ ನೀರು ಹಾಕುತ್ತಿದ್ದವರೂ ಮೇಷ್ಟ್ರೇ.

ಸಮಿತಿ ಸೇವೆಗಳನ್ನು ಒಂದೊಂದಾಗಿ ಪರಿಶೀಲಿಸಿತು. ಕಾರು ಎಲ್ಲಿದೆ ಎಂದು ನೋಡಿದಾಗ, ಎದುರಿನ ದರ್ಜಿ ಅಂಗಡಿಯೊಳಗೆ ಇದೆ ಎಂದು ಫೋನು ತೋರಿಸಿತು. ಮೇಷ್ಟ್ರು ಬಾಗಿಲ ಮುಂದೆ ನಿಂತಿದ್ದ ಕಾರನ್ನು ಸುತ್ತುಹಾಕಿ, ರಸ್ತೆ ದಾಟಿ, ದರ್ಜಿಯನ್ನು ವಿಚಾರಿಸಿದರು. ದರ್ಜಿ ಮೇಜಿನ ಕೆಳಗೆ ಬಗ್ಗಿ ನೋಡಿ, “ಇಲ್ಲಿಲ್ಲ ಮೇಷ್ಟ್ರೇ, ಬಂದ್ರೆ ಹೇಳಿ ಕಳಿಸ್ತೀನಿ” ಎಂದ. ಸೇವೆ ಭಾಗಶಃ ತೃಪ್ತಿಕರ ಎಂದು ನಡಾವಳಿಯಲ್ಲಿ ದಾಖಲಾಯಿತು. ಬಾಗಿಲಿನ ವಿಷಯವೂ ಹಾಗೇ. ಮೊದಲೆಲ್ಲ ಮಲಗುವ ಮುನ್ನ ಮೇಷ್ಟ್ರು ಹೊರಗೆ ಹೋಗಿ ಕಾರಿನ ಬಾಗಿಲು ಜಗ್ಗಿ ನೋಡುತ್ತಿದ್ದರು. ಈಗ ಫೋನಿನಲ್ಲಿ ನೋಡುತ್ತಾರೆ, ಫೋನು ಸುಳ್ಳು ಹೇಳಿದ್ದರೇನು ಗತಿ ಎಂದು ಎದ್ದು ಹೋಗಿ ಬಾಗಿಲನ್ನೂ ಜಗ್ಗುತ್ತಾರೆ. ಭದ್ರತೆ ಎರಡು ಪಟ್ಟಾಗಿದೆ ಎಂದು ಸಮಿತಿ ಸಂತೋಷ ವ್ಯಕ್ತಪಡಿಸಿತು.

ತುರ್ತು ಸಹಾಯದ ಸೇವೆಯನ್ನು ಮಾತ್ರ ಪರಿಶೀಲಿಸುವ ಅಗತ್ಯವೇ ಬೀಳಲಿಲ್ಲ. ಕಾರು ಗಕ್ಕನೆ ನಿಂತಾಗಲೆಲ್ಲ ಸಹಾಯವಾಣಿಯ ಹುಡುಗಿ ಕಾರಿನೊಳಗಿಂದಲೇ ಮಾತಾಡುತ್ತಿದ್ದಳು.

“ಸರ್, ತೀವ್ರ ಬ್ರೇಕ್ ದಾಖಲಾಗಿದೆ. ಎಲ್ಲರೂ ಕ್ಷೇಮವಾಗಿದ್ದೀರಾ?”

“ಕ್ಷೇಮ ಕಣಮ್ಮ. ಪಾಠ ನಡೀತಿದೆ.”

“ಆಂಬುಲೆನ್ಸ್ ಕಳಿಸ್ಬೇಕಾ ಸರ್?”

“ಬೇಡಮ್ಮ. ನಾಯಿ ಇನ್ನೂ ದೂರ ಇದೆ.”

ಕೊನೆಗೆ ಉಳಿದದ್ದು ಅಂಕ. ಪ್ರತಿಯೊಬ್ಬರೂ ಓಡಿಸಿ ನೋಡುವುದೆಂದೂ, ಪಕ್ಕದಲ್ಲಿ ಮೇಷ್ಟ್ರು ಕೂರತಕ್ಕದ್ದೆಂದೂ ತೀರ್ಮಾನವಾಯಿತು. ವಿದ್ಯಾರ್ಥಿಗಳಿಗೆ ಮೂವತ್ತರ ಆಸುಪಾಸು ಬಂತು. ಹುಟ್ಟಿದಾರಭ್ಯ ಕಾರುಗಳ ನಡುವೆಯೇ ಬೆಳೆದ ತಾಂತ್ರಿಕ ತಜ್ಞನಿಗೂ ಅಷ್ಟೇ. ಅಧ್ಯಕ್ಷರು ಸ್ವತಃ ಓಡಿಸಿದಾಗ ಅಂಕ ಇನ್ನೂ ಕೆಳಗಿಳಿಯಿತು. ಈ ಕಾರಿಗೆ ಗುರುಹಿರಿಯರಲ್ಲಿ ಗೌರವವಿಲ್ಲ ಎಂದು ಅವರು ನಡಾವಳಿಯಲ್ಲಿ ಬರೆಸಿದರು. “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ” ಎಂದು ಭಾವಮೈದುನ ಗೊಣಗಿದ್ದನ್ನು ಬರೆಸಲಿಲ್ಲ.

ಹೆಂಡತಿಯ ಸರದಿ ಬಂದದ್ದು ಮಧ್ಯಾಹ್ನದ ಊಟದ ಮೇಲೆ. ಊಟ ಗಡದ್ದಾಗಿತ್ತು. ಮೇಷ್ಟ್ರು ಬೆಲ್ಟು ಬಿಗಿದು ಕೂತರು, ಪೆಡಲಿನ ಮೇಲೆ ಕಾಲಿಟ್ಟರು, ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಕಾರು ಶಾಲೆಯ ಮುಂದೆಯೇ ನಿಂತಿತ್ತು.

“ಯಾಕೆ, ಇನ್ನೂ ಹೊರಟಿಲ್ವಾ?”

“ಹೋಗಿ ಬಂದಾಯ್ತು ರೀ.”

“ಎಲ್ಲಿಗೆ?”

“ಗುಡ್ಡದ ತುದಿಗೆ.”

ಫೋನು ನೋಡಿದರೆ ತೊಂಬತ್ತಾರು.

ತುರ್ತು ಸಭೆ ಸೇರಿತು. ಯಂತ್ರ ಕೆಟ್ಟಿದೆ, ಇಂಥ ಸೇವೆಗೆ ಚಿಕ್ಕಾಸೂ ಕಟ್ಟಬಾರದು ಎಂದು ಅಧ್ಯಕ್ಷರು ಮೇಜು ಗುದ್ದಿದರು. ತಾಂತ್ರಿಕ ತಜ್ಞ ಕೈಯ ಗ್ರೀಸು ಒರೆಸಿಕೊಳ್ಳುತ್ತ, “ಯಂತ್ರ ಸರಿಯಾಗೇ ಇದೆ ಭಾವ. ಎರಡೂ ಪೆಡಲ್ಲು ಒಂದಕ್ಕೊಂದು ಸೇರಿಸಿರೋದು. ಒತ್ತಿದ್ದು ಯಾರ ಕಾಲು ಅಂತ ಕಾರಿಗೆ ಗೊತ್ತಾಗಲ್ಲ, ಅಷ್ಟೇ” ಎಂದ.

“ಕಾರಿಗೆ ಗೊತ್ತಾಗಲ್ಲ. ನನಗೆ ಗೊತ್ತು” ಎಂದರು ಕಾರ್ಯದರ್ಶಿ.

ಮೇಷ್ಟ್ರಿಗೆ ಅತ್ತ ದರಿ ಇತ್ತ ಪುಲಿ. ಸೇವೆ ದಂಡ ಎಂದರೆ ಚಂದಾ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಹೆಂಡತಿಯ ತೊಂಬತ್ತಾರು ಮಾತ್ರ ಅವತ್ತಿನ ನಿದ್ದೆಯ ಹಾಗೆ ಕರಗಿಹೋಗುತ್ತದೆ. ಅವರು ಹೆಂಡತಿಯ ಮುಖ ನೋಡಿದರು. ಅಷ್ಟು ವರ್ಷಗಳಲ್ಲಿ ಆಕೆಗೆ ಒಳ್ಳೆಯ ಅಂಕ ಕೊಟ್ಟ ಮೊದಲ ಮೇಷ್ಟ್ರು ಆ ಕಾರು. ಅವರಿಗೆ ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿದ್ದದ್ದು ಬರೀ ಭಯ ಎಂಬುದೂ ಅವತ್ತೇ ಗೊತ್ತಾಯಿತು.

“ನಿನಗೆ ಓಡಿಸೋಕೆ ಬರಲ್ಲ ಅಂತಲ್ಲ ಕಣೇ” ಎಂದರು ಮೆಲ್ಲಗೆ. “ನೀನು ಓಡಿಸ್ತಿದ್ರೆ ನನ್ನ ಕಾಲು ಸುಮ್ನಿರಲ್ಲ. ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ?”

ಹೆಂಡತಿ ನಡಾವಳಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕಾರ್ಯದರ್ಶಿಯ ಗತ್ತಿನಲ್ಲಿಯೇ, “ಹಾಗಿದ್ರೆ ಸಮಸ್ಯೆ ಇರೋದು ಕಾಲಿಂದು. ಕಾಲಿಗೊಂದು ವ್ಯವಸ್ಥೆ ಮಾಡೋಣ” ಎಂದರು.

ಸಮಿತಿಯ ಅಂತಿಮ ಪ್ರಕಟಣೆ ಮರುದಿನ ಹೊರಬಿತ್ತು. ಕಾರ್ಯದರ್ಶಿಯವರನ್ನು ಪರೀಕ್ಷೆಗೆ ತಯಾರೆಂದು ಘೋಷಿಸಲಾಗಿದೆ. ಅವರು ಪಾಸಾದ ಮೇಲೆ, ರಜಾದಿನಗಳಲ್ಲಿ ಕಾರು ಅವರ ವಶದಲ್ಲಿರತಕ್ಕದ್ದು. ಸದರಿ ದಿನಗಳಲ್ಲಿ ಪ್ರಾಂಶುಪಾಲರು ಕಚೇರಿಯಲ್ಲಿ ಹಾಜರಿದ್ದು, ಮೇಜಿನ ಕೆಳಗೆ ಹೊಸದಾಗಿ ಅಳವಡಿಸಲಾಗುವ ಬ್ರೇಕನ್ನು ನಿರ್ವಹಿಸತಕ್ಕದ್ದು.

ಭಾವಮೈದುನ ಗುಜರಿಯಿಂದ ಒಂದು ಪೆಡಲು ಆರಿಸಿ ತಂದು, ಕಾಲಿಗೆ ಹಿತವಾಗಲೆಂದು ಗಟ್ಟಿ ಸ್ಪ್ರಿಂಗು ಕೂರಿಸಿ, ನೆಲಕ್ಕೆ ಬೋಲ್ಟು ಹಾಕಿ ಕೊಟ್ಟ. ಅದು ಯಾವುದಕ್ಕೂ ಸೇರಿಕೊಂಡಿರಲಿಲ್ಲ. ಹೆಂಡತಿ ಮೊದಲ ಪ್ರಯತ್ನದಲ್ಲೇ ಪಾಸಾದರು. ಮೇಷ್ಟ್ರು ಚಂದಾ ಕಟ್ಟಲು ಸಹಾಯವಾಣಿಗೆ ಫೋನು ಮಾಡಿದರು.

“ಸೇವೆ ಮುಂದುವರಿಸೋಕೆ ಕಾರಣ ಹೇಳ್ತೀರಾ ಸರ್?”

“ಇಲ್ಲಿಂದ ಬ್ರೇಕ್ ಹಾಕ್ಬೇಕು ಅಂದ್ರೆ ಕಾರು ಎಲ್ಲಿದೆ ಅಂತ ಕಾಣಬೇಕಲ್ಲಮ್ಮ.”

“ಖಂಡಿತ ಸರ್. ಸುರಕ್ಷತೆ ಅಂತ ಬರ್ಕೊಂಡಿದೀನಿ. ತುಂಬಾ ಜನ ಅದಕ್ಕೇ ಕಟ್ಟೋದು.”

ಮೊದಲ ರಜಾದಿನ ಫೋನಿನೊಳಗಿನ ಚುಕ್ಕೆ ಗುಡ್ಡ ಹತ್ತಿತು. ಮೇಷ್ಟ್ರು ಅದರ ಮೇಲೆ ಕಣ್ಣು ನೆಟ್ಟು, ತಿರುವು ಬಂದಲ್ಲೆಲ್ಲ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಹೊಸದಾಗಿ ಸೇರಲು ಬಂದ ದಂಪತಿಗಳನ್ನು ಭಾವಮೈದುನ ಬಾಗಿಲಲ್ಲೇ ತಡೆದ.

“ಒಂದ್ನಿಮಿಷ ಇರಿ. ಮೇಷ್ಟ್ರು ಕಡಿದಾದ ತಿರುವಿನಲ್ಲಿದ್ದಾರೆ.”

ಆ ದಂಪತಿಗಳು ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ, ಸದ್ದು ಮಾಡದೆ ನಿಂತರು. ಇಷ್ಟು ಜವಾಬ್ದಾರಿ ಇರುವ ಶಾಲೆ ಬೇರೆಲ್ಲೂ ಸಿಗದು ಎಂದು ಗಂಡ ಹೆಂಡತಿಯ ಕಿವಿಯಲ್ಲಿ ಹೇಳಿದ. ಚುಕ್ಕೆ ನಿಂತಿತು. ಫೋನು ಬಡಿದುಕೊಂಡಿತು.

“ಬಂದ್ ಸೇರಿದೆ ರೀ. ತಂಗಿ ಬಾಗಿಲಲ್ಲೇ ನಿಂತು ಅಳ್ತಿದ್ದಾಳೆ, ಖುಷಿಗೆ.”

ಮೇಷ್ಟ್ರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. “ಬ್ರೇಕು ಹೇಗಿತ್ತು?” ಎಂದರು.

“ಚೆನ್ನಾಗಿತ್ತು. ಆ ಕೊನೇ ತಿರುವಿನಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಒತ್ತಿದ್ರಿ.”

“ಬರ್ತಾ ನೋಡ್ಕೋತೀನಿ” ಎಂದರು ಮೇಷ್ಟ್ರು, ನೋಯುತ್ತಿದ್ದ ಕಾಲನ್ನು ಪೆಡಲಿನ ಮೇಲೆ ಹಾಗೇ ಇಟ್ಟುಕೊಂಡು.